ಟವರ್ ಆಫ್ ಪವರ್: ಐವತ್ತು ತುಂಬಿದ ತಂಡದ ಆಲ್ಬಂ

ಅಮೆರಿಕದ ಕಪ್ಪು ಸಮುದಾಯದ ಚರ್ಚುಗಳಲ್ಲಿ ಬೆಳೆದ ಭಕ್ತಿಗಾಯನದ ಕಂಠರೀತಿ ಪ್ರೇಮದ ಹಾಡುಗಳಿಗೆ ಹರಿದು ಬಂದಾಗ ರೂಪುಗೊಂಡದ್ದು ಸೋಲ್ ಸಂಗೀತ. ಅದರಲ್ಲಿ ಲಯವೇ ಮುಂದಾಗಿ, ಎಲ್ಲ ವಾದ್ಯಗಳೂ ತಾಳವಾದ್ಯಗಳಂತೆ ಬಿಡಿಬಿಡಿ ಪೆಟ್ಟುಗಳನ್ನು ಹೆಣೆಯತೊಡಗಿದಾಗ ಅದು ಫಂಕ್ ಎನಿಸಿತು. ಈ ಎರಡನ್ನೂ ಬೆಸೆದ ತಂಡಗಳಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ನಗರದ ಟವರ್ ಆಫ್ ಪವರ್ ಒಂದು. ಟೆನರ್ ಸ್ಯಾಕ್ಸೊಫೋನಿನ ಎಮಿಲಿಯೊ ಕ್ಯಾಸ್ಟಿಲೊ ಮತ್ತು ಬ್ಯಾರಿಟೋನ್ ಸ್ಯಾಕ್ಸೊಫೋನಿನ ಸ್ಟೀಫನ್ ಕುಪ್ಕಾ 1968ರಲ್ಲಿ ಜೊತೆಗೂಡಿ ನೆಲೆಗೊಳಿಸಿದ ಈ ತಂಡ, ಐವತ್ತು ವರ್ಷ ತುಂಬಿದ 2018ರಲ್ಲಿ ‘ಸೋಲ್ ಸೈಡ್ ಆಫ್ ಟೌನ್’ ಎಂಬ ಆಲ್ಬಂ ಹೊರತಂದಿತು.

ಈ ಆಲ್ಬಂನಲ್ಲಿ ಹೊಸತನವನ್ನು ಹುಡುಕುವವರಿಗೆ ನಿರಾಸೆಯಾಗಬಹುದು. ಸಾಹಿತ್ಯ ಸರಳವಾಗಿದೆ, 1970ರ ದಶಕದಲ್ಲಿ ತಂಡಕ್ಕೆ ಹಾಡುತ್ತಿದ್ದ ಲೆನ್ನಿ ವಿಲಿಯಮ್ಸ್‌ರ ಕಂಠಕ್ಕೆ ಸಾಟಿಯಾದ ಕಂಠವೂ ಇಲ್ಲಿಲ್ಲ. ಆದರೆ ಗಾಯಕರು ಮತ್ತೆ ಮತ್ತೆ ಬದಲಾದರೂ ತಂಡದ ಗುರುತು ಅಳಿಯದಿರುವುದಕ್ಕೆ ಕಾರಣ, ಆ ಗುರುತು ಅದರ ಊದುವಾದ್ಯಗಳ ಮೇಳದಲ್ಲಿದೆ ಎಂಬುದೇ. ಟ್ರಂಪೆಟ್‌ಗಳೂ ಟೆನರ್ ಸ್ಯಾಕ್ಸೊಫೋನ್‌ಗಳೂ ಮೇಲಿನ ಸ್ವರಗಳನ್ನು ಮೊಟಕಾಗಿ ಕತ್ತರಿಸಿ ನುಡಿಸುವಾಗ, ಕುಪ್ಕಾರ ಬ್ಯಾರಿಟೋನ್ ಮಂದ್ರದಿಂದ ಅದೇ ಪದಗುಚ್ಛಕ್ಕೆ ತಳ ಕಟ್ಟುತ್ತದೆ. ಮೇಳದ ಐವರೂ ಒಂದೇ ಉಸಿರಿನಲ್ಲಿ ಸ್ವರ ಹಿಡಿದು ಒಂದೇ ಕ್ಷಣದಲ್ಲಿ ಬಿಡುತ್ತಾರೆ, ಆ ಬಿಡುವ ನಿಖರತೆ ವರ್ಷಗಟ್ಟಲೆ ಜೊತೆಗೆ ನುಡಿಸದೆ ಬರುವಂಥದ್ದಲ್ಲ.

ಅಷ್ಟೇ ಮುಖ್ಯವಾದುದು ಡೇವಿಡ್ ಗ್ಯಾರಿಬಾಲ್ಡಿಯವರ ಡ್ರಮ್ಸ್. ಪ್ರತಿ ಅಕ್ಷರಕಾಲವನ್ನು ನಾಲ್ಕಾಗಿ ಒಡೆದು, ಜೋರು ಪೆಟ್ಟನ್ನು ನಿರೀಕ್ಷಿತ ಜಾಗದಿಂದ ಆಚೀಚೆ ಸರಿಸಿ, ನಡುವಿನ ಎಡೆಗಳನ್ನು ಕಿವಿಗೆ ತಾಕಿಯೂ ತಾಕದಂಥ ಮೆಲುಪೆಟ್ಟುಗಳಿಂದ ತುಂಬುವುದು ಅವರ ಕ್ರಮ; ಈ ಮೆಲುಪೆಟ್ಟುಗಳನ್ನು ವಾದಕರು ‘ಘೋಸ್ಟ್ ನೋಟ್’ ಎನ್ನುತ್ತಾರೆ. 2017ರ ಜನವರಿಯಲ್ಲಿ ಓಕ್‌ಲ್ಯಾಂಡ್‌ನಲ್ಲೇ, ಸಂಗೀತ ಕಛೇರಿಗೆ ಹೋಗುತ್ತಿದ್ದಾಗ ರೈಲು ಬಡಿದು ತೀವ್ರವಾಗಿ ಗಾಯಗೊಂಡಿದ್ದ ಈ ಕಲಾವಿದರು ಮತ್ತೆ ತಂಡದ ಲಯವನ್ನು ಹೊತ್ತರೆಂಬುದು ಸಣ್ಣ ಸಂಗತಿಯಲ್ಲ.

‘ಸೋಲ್ ಸೈಡ್ ಆಫ್ ಟೌನ್’ಗಾಗಿ ಮಾಡಿದ ಧ್ವನಿಮುದ್ರಣಗಳಲ್ಲಿ ಉಳಿದ ಹಾಡುಗಳು 2020ರಲ್ಲಿ ‘ಸ್ಟೆಪ್ ಅಪ್’ ಎಂಬ ಇನ್ನೊಂದು ಆಲ್ಬಂ ಆಗಿ ಬಂದವು. ಎರಡರಲ್ಲಿ ಬಿಗಿಯಾದುದು ಮೊದಲನೆಯದೇ. ಅದನ್ನು ಮೊದಲ ಸಲ ಕೇಳುವವರು ಗಾಯಕನ ಬೆನ್ನು ಹತ್ತದೆ, ಕುಪ್ಕಾರ ಬ್ಯಾರಿಟೋನನ್ನೇ ಆರಂಭದಿಂದ ಕೊನೆಯವರೆಗೆ ಹಿಂಬಾಲಿಸಬೇಕು.