ರ‍್ಯಾಂಕಿನ ಪಟ್ಟಿಯೂ ರುದ್ರಪಟ್ಟಣದ ಪಂಡಿತರೂ



ಈ ಸಮ್ಮೇಳನದ ಅಧ್ಯಕ್ಷತೆಯ ಗೌರವದ ಜೊತೆಗೆ ಸಂಘಟಕರು ಒಂದು ವಿಷಯವನ್ನೂ ಕೊಟ್ಟಿದ್ದಾರೆ: ಜಗತ್ತೇ ಒಪ್ಪುವಂಥ ವಿಶ್ವವಿದ್ಯಾನಿಲಯ ಯಾವುದರಿಂದ ಆಗುತ್ತದೆ? ಹಾಸನದಲ್ಲಿ ನಿಂತು ಈ ಪ್ರಶ್ನೆ ಎತ್ತುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ನಮ್ಮ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾನಿಲಯವಾಯಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಹೊಸದಾಗಿ ತೆರೆದ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದೆಂದು ಸಚಿವ ಸಂಪುಟದ ಉಪಸಮಿತಿ ಅಭಿಪ್ರಾಯಪಟ್ಟಿತು. ಅದರಲ್ಲಿ ಹಾಸನದ ಹೆಸರೂ ಇತ್ತು. ಇರಬೇಕೋ ಬೇಡವೋ ಎಂಬ ಮಾತು ನಡೆಯುತ್ತಿರುವಾಗ ಜಾಗತಿಕ ಶ್ರೇಷ್ಠತೆಯ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಿಯಾರು. ಶ್ರೇಷ್ಠತೆ ಅಂದರೆ ಏನೆಂದು ತಿಳಿಯದೆ ಉಳಿಸುವುದನ್ನೂ ಮುಚ್ಚುವುದನ್ನೂ ತೀರ್ಮಾನಿಸಿದರೆ ಎರಡೂ ಕೈತಪ್ಪಿನ ಕೆಲಸವಾಗುತ್ತದೆ ಎಂಬುದಷ್ಟೇ ನನ್ನ ಉತ್ತರ.

ಮೊದಲು ರ‍್ಯಾಂಕಿಂಗ್ ವಿಚಾರ ಮುಗಿಸಿಬಿಡೋಣ. ಶಾಂಘೈ ಪಟ್ಟಿ 2003ರಲ್ಲಿ ಶುರುವಾಯಿತು. ನೊಬೆಲ್ ಪ್ರಶಸ್ತಿಗೂ ಗಣಿತದ ಫೀಲ್ಡ್ಸ್ ಪದಕಕ್ಕೂ ಅದು ನೂರಕ್ಕೆ 30 ಅಂಕ ಎತ್ತಿಡುತ್ತದೆ. ಕ್ಯೂಎಸ್ ಪಟ್ಟಿಯಲ್ಲಿ ಬಹುಕಾಲ ನೂರಕ್ಕೆ 40 ಅಂಕ, ಈಗ 30 ಅಂಕ, ಬೇರೆ ಕಡೆಯ ಪ್ರಾಧ್ಯಾಪಕರು ನಿಮ್ಮ ಬಗ್ಗೆ ಏನೆಂದುಕೊಂಡಿದ್ದಾರೆ ಎಂಬುದಕ್ಕೆ ಹೋಗುತ್ತದೆ. 2021ರಲ್ಲಿ ಹೊರಬಂದ ಕ್ಯೂಎಸ್ ಪಟ್ಟಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಒಬ್ಬೊಬ್ಬ ಅಧ್ಯಾಪಕರ ಸಂಶೋಧನೆಯನ್ನು ಇತರರು ಎಷ್ಟು ಉಲ್ಲೇಖಿಸಿದ್ದಾರೆ ಎಂಬ ಲೆಕ್ಕದಲ್ಲಿ ನೂರಕ್ಕೆ ನೂರು ಬಂತು. ಅಂದರೆ ಜಗತ್ತಿನ ತುತ್ತತುದಿ. ಆದರೆ ಒಟ್ಟು ಸ್ಥಾನ 186. ಕೆಲಸ ಲೋಕಕ್ಕೆ ಮುಟ್ಟಿದೆ, ಹೆಸರು ಮುಟ್ಟಿಲ್ಲ ಎಂದು ಇದರ ಅರ್ಥ. ಹಾಗಾಗಿ ಪಟ್ಟಿಯನ್ನು ನೋಡಬೇಕು, ಆದರೆ ಪಟ್ಟಿಗಾಗಿ ಬದುಕಬಾರದು. ಪಟ್ಟಿಗಾಗಿ ಬದುಕುವವರು ಏನು ಮಾಡುತ್ತಾರೆಂದು ಇಲ್ಲಿರುವವರಿಗೆ ಗೊತ್ತಿದೆ: ಹಣ ಕಟ್ಟಿಸಿಕೊಂಡು ಲೇಖನ ಅಚ್ಚುಹಾಕುವ ಪತ್ರಿಕೆಗಳು ಯಾವ ವಿಳಾಸದಲ್ಲಿ ಸಿಗುತ್ತವೆ ಎಂಬುದು ನಮ್ಮ ಅನೇಕರಿಗೆ ಬಾಯಿಪಾಠವಾಗಿದೆ.

ಇನ್ನು ನಮ್ಮೂರಿಗೆ ಬರೋಣ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಸಂಗೀತ, ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ಅದೇ ಕಾವೇರಿ ದಡದ ಊರಲ್ಲಿ 1868ರಲ್ಲಿ ಇನ್ನೊಬ್ಬರು ಹುಟ್ಟಿದರು, ರುದ್ರಪಟ್ಟಣ ಶಾಮಾಶಾಸ್ತ್ರಿಗಳು. ಸಂಸ್ಕೃತ ಕಲಿಯಲು ಮೈಸೂರಿಗೆ ಹೋದವರು, 1891ರಲ್ಲಿ ಸ್ಥಾಪನೆಯಾದ ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿ ಸೇರಿದರು. 1905ರಲ್ಲಿ ತಂಜಾವೂರು ಕಡೆಯ ಒಬ್ಬ ಪಂಡಿತರು ತಾಳೆಗರಿಯ ಕಟ್ಟೊಂದನ್ನು ತಂದು ಲೈಬ್ರರಿಗೆ ಕೊಟ್ಟರು. ಬರೆದದ್ದು ಗ್ರಂಥ ಲಿಪಿಯಲ್ಲಿ. ಒಳಗಿದ್ದದ್ದು ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಮಾತ್ರ ಉಳಿದು, ಪುಸ್ತಕ ಕಳೆದೇ ಹೋಯಿತೆಂದು ವಿದ್ವಾಂಸರು ಬಗೆದಿದ್ದ ಗ್ರಂಥ ಅದು.

ಆ ಕಟ್ಟನ್ನು ಪಟ್ಟಿಗೆ ಸೇರಿಸಿ ಬೀರುವಿನಲ್ಲಿಟ್ಟಿದ್ದರೂ ಶಾಸ್ತ್ರಿಗಳ ಸಂಬಳಕ್ಕೆ ಕುಂದು ಬರುತ್ತಿರಲಿಲ್ಲ. ಅವರು ಓದಿದರು. ನಾಲ್ಕು ವರ್ಷ ಕೂತು ಪಠ್ಯವನ್ನು ಶೋಧಿಸಿ 1909ರಲ್ಲಿ ಮೈಸೂರು ಸರ್ಕಾರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಅಚ್ಚು ಮಾಡಿಸಿದರು. ಇಂಗ್ಲಿಷ್ ಅನುವಾದವನ್ನು ಮೊದಲು ಪತ್ರಿಕೆಗಳಲ್ಲಿ ಕಂತುಕಂತಾಗಿ, ಆಮೇಲೆ 1915ರಲ್ಲಿ ಪುಸ್ತಕವಾಗಿ ತಂದರು, ಶಾಸನತಜ್ಞ ಜೆ.ಎಫ್. ಫ್ಲೀಟ್ ಅದಕ್ಕೆ ಮುನ್ನುಡಿ ಬರೆದರು. ಪ್ರಾಚೀನ ಭಾರತಕ್ಕೆ ರಾಜ್ಯಶಾಸ್ತ್ರದ ಚಿಂತನೆಯೇ ಇರಲಿಲ್ಲ ಎನ್ನುವ ಮಾತಿಗೆ ಅಲ್ಲಿಗೆ ತೆರೆಬಿತ್ತು. ಜರ್ಮನಿಯಲ್ಲಿ ಯಾಕೋಬಿ, ಯೋಲಿಯಂಥವರು ಗ್ರಂಥದ ಕಾಲದ ಮೇಲೆ ವಾದಕ್ಕಿಳಿದರು. 1960ರ ದಶಕದಲ್ಲಿ ಮುಂಬಯಿಯಲ್ಲಿ ಆರ್.ಪಿ. ಕಾಂಗ್ಲೆ ಪರಿಷ್ಕರಿಸಿದ ಆವೃತ್ತಿ ಬಂತು, 2013ರಲ್ಲಿ ಪ್ಯಾಟ್ರಿಕ್ ಒಲಿವೆಲ್ ಅವರ ಹೊಸ ಇಂಗ್ಲಿಷ್ ಅನುವಾದ. ಶಾಸ್ತ್ರಿಗಳ ಓದನ್ನು ಇವರು ಅಲ್ಲಲ್ಲಿ ತಿದ್ದಿದ್ದಾರೆ. ತಿದ್ದುವಷ್ಟು ಗಂಭೀರವಾಗಿ ಲೋಕ ಒಂದು ಕೆಲಸವನ್ನು ನೂರು ವರ್ಷ ತೆಗೆದುಕೊಳ್ಳುವುದಿದೆಯಲ್ಲ, ಅದಕ್ಕಿಂತ ದೊಡ್ಡ ರ‍್ಯಾಂಕು ನನಗೆ ತಿಳಿದಿಲ್ಲ.

ಗಮನಿಸಿ, 1905ರಲ್ಲಿ ಮೈಸೂರಿನಲ್ಲಿ ವಿಶ್ವವಿದ್ಯಾನಿಲಯವೇ ಇರಲಿಲ್ಲ. ಮಹಾರಾಜ ಕಾಲೇಜು, ಸೆಂಟ್ರಲ್ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪರೀಕ್ಷೆ ಅಲ್ಲಿಯದು, ಪದವಿ ಅಲ್ಲಿಯದು. ನಾಲ್ವಡಿಯವರೂ ದಿವಾನ್ ವಿಶ್ವೇಶ್ವರಯ್ಯನವರೂ 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತೆರೆದಾಗ ಆ ಲೈಬ್ರರಿ ಅದರ ಭಾಗವಾಯಿತು. ಕಟ್ಟಡಕ್ಕಿಂತ ಮೊದಲು ವಿದ್ವತ್ತು ಅಲ್ಲಿ ಬಂದು ಕೂತಿತ್ತು. ಆಮೇಲೂ ಅದು ನಿಲ್ಲಲಿಲ್ಲ. ಎಂ. ಹಿರಿಯಣ್ಣನವರು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ ಪಾಠಗಳೇ ಭಾರತೀಯ ತತ್ತ್ವಶಾಸ್ತ್ರದ ಪುಸ್ತಕವಾಗಿ 1932ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಇವತ್ತಿಗೂ ಅದು ಹಲವು ದೇಶಗಳಲ್ಲಿ ಪಠ್ಯ. ಪಾಠ ಬೇರೆ ಸಂಶೋಧನೆ ಬೇರೆ ಎಂದು ವಾದಿಸುವವರು ಆ ಪುಸ್ತಕವನ್ನು ಒಮ್ಮೆ ಕೈಗೆತ್ತಿಕೊಳ್ಳಬೇಕು.

ಹೊಳೆನರಸೀಪುರದ ಕಥೆ ಇನ್ನೂ ವಿಚಿತ್ರ. ಅಲ್ಲಿ ವಿಶ್ವವಿದ್ಯಾನಿಲಯ ಯಾವತ್ತೂ ಇರಲಿಲ್ಲ. 1937ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಬೆಂಗಳೂರಿನಿಂದ ಅಲ್ಲಿಗೆ ಬಂತು. ಅದನ್ನು ಕಟ್ಟಿದವರು ಶಾಲಾ ಮೇಷ್ಟ್ರಾಗಿದ್ದ ಸುಬ್ಬರಾಯರು, 1948ರಲ್ಲಿ ಸಂನ್ಯಾಸ ಪಡೆದು ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳಾದವರು. ಶಂಕರರ ಮಾತು ಒಂದು, ಅವರ ನಂತರದ ವ್ಯಾಖ್ಯಾನಕಾರರು ಹೇಳಿದ್ದು ಇನ್ನೊಂದು ಎಂಬ ಒಂದೇ ಪ್ರಶ್ನೆಯನ್ನು ಅವರು ಜೀವನಪೂರ್ತಿ ಹಿಡಿದರು. ಊರವರಿಗಾಗಿ ಕನ್ನಡದಲ್ಲಿ, ಪಂಡಿತರಿಗಾಗಿ ಸಂಸ್ಕೃತದಲ್ಲಿ, ಹೊರಗಿನವರಿಗಾಗಿ ಇಂಗ್ಲಿಷಿನಲ್ಲಿ ಬರೆದರು. 1964ರಲ್ಲಿ ಬಂದ ಅವರ ಸಂಸ್ಕೃತ ಗ್ರಂಥ ‘ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ’ವನ್ನು ಎ.ಜೆ. ಆಲ್ಸ್ಟನ್ ಎಂಬ ಇಂಗ್ಲಿಷ್ ವಿದ್ವಾಂಸರು ಅನುವಾದಿಸಿದರು. ಅದು 1989ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅವರ ವಾದವನ್ನು ಒಪ್ಪದವರು ಇಲ್ಲೂ ಇದ್ದಾರೆ, ಅಲ್ಲೂ ಇದ್ದಾರೆ. ಶಂಕರರ ಬಗ್ಗೆ ಗಂಭೀರವಾಗಿ ಬರೆಯುವವರು ಮಾತ್ರ ಹೊಳೆನರಸೀಪುರವನ್ನು ದಾಟಿಕೊಂಡು ಹೋಗಲಾರರು. ಬಸ್ಸಿನಲ್ಲಿ ಹಾದುಹೋಗುವ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು, ನೀವೇ ಹೇಳಿ.

ಶಾಮಾಶಾಸ್ತ್ರಿಗಳು, ಹೊಳೆನರಸೀಪುರದ ಸ್ವಾಮಿಗಳು ಈ ಇಬ್ಬರಲ್ಲೂ ಸಮಾನವಾಗಿ ಕಾಣುವುದೇನು? ಕೈಯಲ್ಲೊಂದು ಮೂಲ ಸಾಮಗ್ರಿ, ಬಿಡದೆ ಹಿಡಿದ ಒಂದು ಪ್ರಶ್ನೆ, ಧಾವಂತವಿಲ್ಲದ ವರ್ಷಗಳು, ಬರೆದದ್ದನ್ನು ಅಚ್ಚುಹಾಕುವ ವ್ಯವಸ್ಥೆ. ಲೋಕ ತಾನಾಗಿ ಇವರ ಬಳಿಗೆ ಬಂತು. ನಮ್ಮ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಕಾಣುವುದು ಇದಕ್ಕೆ ನೇರ ತದ್ವಿರುದ್ಧ. ಆದಾಯವೆಲ್ಲ ಪರೀಕ್ಷಾ ಶುಲ್ಕ ಮತ್ತು ಸಂಯೋಜನಾ ಶುಲ್ಕದ ಮೇಲೆ. ಪಾಠವೆಲ್ಲ ಅತಿಥಿ ಉಪನ್ಯಾಸಕರ ಮೇಲೆ. ಬರುವ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ಕೌನ್ಸೆಲಿಂಗ್ ದಿನಾಂಕಕ್ಕೆ ಕಾಯುವ ಮನುಷ್ಯನಿಗೆ ನಾಲ್ಕು ವರ್ಷದ ಪ್ರಶ್ನೆಯನ್ನು ಹಿಡಿದುಕೋ ಎಂದು ಯಾವ ಬಾಯಲ್ಲಿ ಹೇಳುವುದು? ಅಂದಹಾಗೆ, ಇಂದಿನ ನೇಮಕಾತಿಯ ಅಂಕಪಟ್ಟಿಗೆ ಶಾಮಾಶಾಸ್ತ್ರಿಗಳು ಅರ್ಜಿ ಹಾಕಿದ್ದರೆ ಮೊದಲ ಸುತ್ತಿನಲ್ಲೇ ಹೊರಬೀಳುತ್ತಿದ್ದರೇನೋ.

ಪಡೆದದ್ದನ್ನು ಕಾಯ್ದಿಟ್ಟುಕೊಳ್ಳುವುದೂ ಶ್ರೇಷ್ಠತೆಯ ಒಂದು ಭಾಗ. ಅದಕ್ಕೊಂದು ನೋವಿನ ಉದಾಹರಣೆ ನಮ್ಮ ಜಿಲ್ಲೆಯದೇ. ಸಕಲೇಶಪುರದ ಆಚೆ ಕೆಂಪುಹೊಳೆ ಕಾಡಿದೆ. ಬೆಂಗಳೂರು ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣರಾಯರು ಅಲ್ಲಿಯ ಕಪ್ಪೆಗಳನ್ನು ಅಧ್ಯಯನ ಮಾಡಿ 1937ರಲ್ಲಿ ಹೊಸ ಪ್ರಭೇದಗಳನ್ನು ವಿವರಿಸಿದರು. ಒಂದಕ್ಕೆ ಆ ಕಾಡಿನದೇ ಹೆಸರು: ನಿಕ್ಟಿಬಟ್ರಾಕಸ್ ಕೆಂಪೊಳೆಯೆನ್ಸಿಸ್. ‘ಕರೆಂಟ್ ಸೈನ್ಸ್’ ಪತ್ರಿಕೆಯನ್ನು 1932ರಿಂದ ಸಂಪಾದಿಸಿದವರೂ ಇವರೇ. 2010ರಲ್ಲಿ ವಿಜ್ಞಾನಿಗಳು ಮರಗಪ್ಪೆಗಳ ಒಂದು ಕುಲಕ್ಕೇ ರಾಯರ ಹೆಸರು ಸೇರಿಸಿ ರಾವೊರ್ಕೆಸ್ಟಿಸ್ ಎಂದು ಕರೆದರು. ಆದರೆ ಅವರು ಹಿಡಿದಿಟ್ಟ ಮೂಲ ಮಾದರಿಗಳು ಕಳೆದುಹೋಗಿವೆಯೆಂದು ಕಪ್ಪೆಶಾಸ್ತ್ರದ ಗ್ರಂಥಗಳು ದಾಖಲಿಸುತ್ತವೆ. ಆ ಪ್ರಭೇದಗಳನ್ನು ಗುರುತಿಸಲು ಮುಂದಿನವರು ಮತ್ತೆ ಕಾಡಿಗೇ ಹೋಗಿ ಹುಡುಕಬೇಕಾಯಿತು. ಲಂಡನ್ ಆಗಲಿ ಬರ್ಲಿನ್ ಆಗಲಿ ಮುಂದೆ ನಿಂತಿರುವುದು ಅಲ್ಲಿಯವರ ಬುದ್ಧಿ ನಮಗಿಂತ ಚುರುಕು ಎಂದಲ್ಲ. ಗಾಜಿನ ಸೀಸೆಯೊಂದಕ್ಕೆ ಚೀಟಿ ಅಂಟಿಸಿ ನೂರೈವತ್ತು ವರ್ಷ ಕಾಯುವ ಶ್ರದ್ಧೆ ಅಲ್ಲಿದೆ.

ಆ ಶ್ರದ್ಧೆ ನಮ್ಮಲ್ಲಿಲ್ಲವೇ ಇಲ್ಲ ಎಂದರೆ ಚನ್ನರಾಯಪಟ್ಟಣದವರು ನನ್ನನ್ನು ಸುಮ್ಮನೆ ಬಿಡಲಾರರು. ಅವರ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದಾಗ ಇದ್ದದ್ದು 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500 ಆದವು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಮತ್ತೆ ಪರಿಷ್ಕರಿಸಿತು, ಆಗ 573. ಬೆಟ್ಟ ಅದೇ, ಬಂಡೆ ಅದೇ. ಮೂರು ತಲೆಮಾರು ಮತ್ತೆ ಮತ್ತೆ ಹತ್ತಿ ನೋಡಿದ್ದಕ್ಕೆ ಸಂಖ್ಯೆ ಬೆಳೆಯಿತು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದೂ ಮೈಸೂರಿನ ಇತಿಹಾಸ ಪ್ರಾಧ್ಯಾಪಕ ಎಂ.ಎಚ್. ಕೃಷ್ಣ ಅವರಿಂದ, 1936ರಲ್ಲಿ. ನಮ್ಮ ಜಿಲ್ಲೆಯ ಸಾಮಗ್ರಿ, ಹೊರಗಿನವರ ಓದು ಎಂಬುದೇ ಇಲ್ಲಿಯವರೆಗಿನ ಪದ್ಧತಿ. ಈಗಲಾದರೂ ಓದುವವರು ಇಲ್ಲೇ ಇರಲಿ.

ಪ್ರಶ್ನೆಗಳಿಗೆ ಬರವಿಲ್ಲ. ಹಾಸನದ ಆಲೂಗಡ್ಡೆಯನ್ನೇ ತೆಗೆದುಕೊಳ್ಳಿ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರದಿಂದ ಬರಬೇಕು, ಮಳೆ ಮೋಡ ಹಿಡಿದರೆ ಅಂಗಮಾರಿ ಹೊಲವನ್ನೇ ಸುಡುತ್ತದೆ, ಬೆಳೆಯುವವರು ವರ್ಷದಿಂದ ವರ್ಷಕ್ಕೆ ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳುತ್ತಿದ್ದಾರೆ. 1845ರಲ್ಲಿ ಐರ್ಲೆಂಡನ್ನು ಬರಕ್ಕೆ ದೂಡಿದ ರೋಗವೂ ಇದೇ. ಪೆರುವಿನ ಲಿಮಾದಲ್ಲಿ ಆಲೂಗಡ್ಡೆಗೆಂದೇ ಅಂತರರಾಷ್ಟ್ರೀಯ ಕೇಂದ್ರವಿದೆ. ಮುಂಗಾರಿನಲ್ಲಿ ಆಲೂಗಡ್ಡೆ ಬೆಳೆಯುವ ಹಾಸನದಂಥ ನೆಲದ ಅನುಭವವನ್ನು ಇಪ್ಪತ್ತು ವರ್ಷ ಬಿಡದೆ ದಾಖಲಿಸಿದರೆ ಲಿಮಾದವರು ಅದನ್ನು ಓದದೆ ಇರಲಾರರು. ಇನ್ನೊಂದು, 2025ರ ಜೂನ್, ಜುಲೈ ನೆನಪಿಸಿಕೊಳ್ಳಿ. ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿ, ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲುಗಟ್ಟಿದರು. ಸರ್ಕಾರದ ತಜ್ಞರ ಸಮಿತಿ ಪರಿಶೀಲಿಸಿ, ಅಸಹಜ ಏರಿಕೆಯೇನೂ ಇಲ್ಲ ಎಂದಿತು. ಉತ್ತರ ಬಂತು, ಆದರೆ ಬೆಂಗಳೂರಿನಿಂದ ಬಂತು. ಹಳ್ಳಿ ಹಳ್ಳಿಯ ಸಾವಿನ ಕಾರಣಗಳನ್ನು ವರ್ಷವರ್ಷವೂ ಬರೆದಿಟ್ಟ ವಿಭಾಗವೊಂದು ಹಾಸನದಲ್ಲೇ ಇದ್ದಿದ್ದರೆ ಜನ ಭಯದಲ್ಲಿ ಅಷ್ಟು ದಿನ ಕಳೆಯಬೇಕಿರಲಿಲ್ಲ.

ಹೊರದೇಶದ ವಿದ್ಯಾರ್ಥಿಗಳು ಎಷ್ಟು, ಒಡಂಬಡಿಕೆಗಳು ಎಷ್ಟು, ಇಂಗ್ಲಿಷ್ ಮಾಧ್ಯಮ ಎಷ್ಟು ಎಂಬ ಪ್ರಶ್ನೆಗಳನ್ನು ನಾನು ಬೇಕೆಂದೇ ಮುಟ್ಟಿಲ್ಲ. ಅವು ಬೇಡವೆಂದಲ್ಲ. ಕೆಲಸ ಇದ್ದರೆ ಅವು ಹಿಂದೆಯೇ ಬರುತ್ತವೆ. ಕೆಲಸವಿಲ್ಲದಿದ್ದರೆ ಒಡಂಬಡಿಕೆಯ ಫೋಟೋ ಒಂದೇ ಗೋಡೆಯ ಮೇಲೆ ಉಳಿಯುತ್ತದೆ.

ಸರ್ಕಾರಕ್ಕೆ ನನ್ನ ಮಾತು ಇಷ್ಟೇ. ಹಾಸನ ವಿಶ್ವವಿದ್ಯಾನಿಲಯವನ್ನು ಬರೀ ಪರೀಕ್ಷೆ ನಡೆಸುವುದಕ್ಕೆ ಉಳಿಸುವುದಾದರೆ ಆ ಕೆಲಸವನ್ನು ಮೈಸೂರೇ ಮಾಡಬಲ್ಲದು, ನನ್ನ ತಕರಾರಿಲ್ಲ. ವಿದ್ಯೆ ಹುಟ್ಟಿಸುವುದಕ್ಕೆ ಉಳಿಸುವುದಾದರೆ ಖಾಯಂ ಹುದ್ದೆಗಳನ್ನು ತುಂಬಿ, ಪುಸ್ತಕ ಭಂಡಾರಕ್ಕೆ ಹಣ ಕೊಡಿ, ಆಮೇಲೆ ಹತ್ತು ವರ್ಷ ಬೇಸರಿಸದೆ ಕಾಯಿರಿ. ಅರ್ಧ ಜೀವದಲ್ಲಿ ಇಡುವುದು ಮಾತ್ರ ಬೇಡ.

ಅಧ್ಯಾಪಕ ಬಂಧುಗಳಲ್ಲಿ ಒಂದು ಪ್ರಾರ್ಥನೆ. ಸಂಜೆ ಮಂಡಿಸುವ ನಿರ್ಣಯಗಳಲ್ಲಿ ಬೇಡಿಕೆಗಳ ಜೊತೆಗೆ ನಮ್ಮ ಪಾಲಿನದೂ ಒಂದು ಇರಲಿ: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕೂ ತಾಲ್ಲೂಕಿನ ಪ್ರತಿ ಕಾಲೇಜು ತನ್ನ ನೆಲದ ಒಂದೊಂದು ಪ್ರಶ್ನೆಯನ್ನು ಆರಿಸಿಕೊಂಡು, ಮುಂದಿನ ಸಮ್ಮೇಳನಕ್ಕೆ ಬರುವಾಗ ಅದರ ಮೇಲೆ ಮಾಡಿದ ಕೆಲಸವನ್ನು ಬರೆದುಕೊಂಡೇ ಬರಬೇಕು. ಆ ನಿರ್ಣಯಕ್ಕೆ ಮೊದಲ ಸಹಿ ನನ್ನದು.