ಮುಳುಗಿದ ಊರಿನ ವಿಳಾಸ



ಸಾಗರ ಸೀಮೆಯ ನಮ್ಮಲ್ಲಿ ಅನೇಕರ ಮೂಲ ಮನೆ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. ಅಂಥ ಮನೆತನದ ಚರಿತ್ರೆಯನ್ನು ಹುಡುಕುವುದು ಹೇಗೆ?

ನಮ್ಮ ಅಜ್ಜಿಗೆ ಇಸವಿ ಗೊತ್ತಿಲ್ಲ. "ಮಡೆನೂರು ಡ್ಯಾಂ ಆದ ಮೇಲೆ ನನ್ನ ಮದುವೆ, ಲಿಂಗನಮಕ್ಕಿ ನೀರು ನಿಲ್ಲೋ ಮುಂಚೆ ನಿನ್ನಪ್ಪ ಹುಟ್ಟಿದ" ಎನ್ನುತ್ತಾರೆ. ಅಷ್ಟು ಸಾಕು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು 1948ರ ಹೊತ್ತಿನದು; ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಎರಡು ಕಟ್ಟೆಗಳ ನಡುವೆ ಅಜ್ಜಿಯ ಸಂಸಾರದ ಕಾಲ ಸಿಕ್ಕಿತು.

ಮುಂದಿನದು ಕಾಗದದ ಕೆಲಸ. ಜಮೀನು ಸ್ವಾಧೀನದ ಅಧಿಸೂಚನೆಗಳು ಊರಿನ ಹೆಸರಿನೊಂದಿಗೆ ಮೈಸೂರು ಗೆಜೆಟ್ಟಿನಲ್ಲಿ ಅಚ್ಚಾಗುತ್ತಿದ್ದವು. ಆ ಕಾಲದ ಸುದ್ದಿಗೆ, 1948ರಲ್ಲಿ ಆರಂಭವಾದ ಪ್ರಜಾವಾಣಿಯಂಥ ಪತ್ರಿಕೆಗಳ ಹಳೆಯ ಸಂಚಿಕೆಗಳಿವೆ. ನಾನು ಕಂಪ್ಯೂಟರ್ ಕೆಲಸದವನು. ಏನು ಹುಡುಕಬೇಕೆಂದು ಹೇಳದಿದ್ದರೆ ಯಾವ ಯಂತ್ರವೂ ಹುಡುಕಿಕೊಡದು. ಪತ್ರಿಕೆ ತಿರುವಲು ಇಸವಿ ಬೇಕು, ಗೆಜೆಟ್ ನೋಡಲು ಊರಿನ ಹೆಸರು ಬೇಕು. ಎರಡರ ಸುಳಿವೂ ಇರುವುದು ಹಿರಿಯರ ನೆನಪಿನಲ್ಲಿ.

ಇದು ಬರೀ ಹವ್ಯಾಸದ ಮಾತಲ್ಲ. ಹಕ್ಕುಪತ್ರಕ್ಕಾಗಿ ಕಾಯುತ್ತಿರುವ ಮುಳುಗಡೆ ಕುಟುಂಬಗಳು ಇಂದಿಗೂ ಇವೆ.

ವಿದ್ಯಾರ್ಥಿಗಳೇ, ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಹಿರೇಭಾಸ್ಕರ ಕಟ್ಟೆ ಕಾಣಿಸುತ್ತದೆ. ಮನೆಯ ಹಿರಿಯರನ್ನು ದಡಕ್ಕೆ ಕರೆದುಕೊಂಡು ಹೋಗಿ. ಮನೆ ಯಾವ ದಿಕ್ಕಿಗಿತ್ತು, ಗದ್ದೆಯ ಹೆಸರೇನು, ಊರದೇವರನ್ನು ಎಲ್ಲಿಗೆ ಒಯ್ದರು ಎಂದು ಕೇಳಿ, ಬರೆದುಕೊಳ್ಳಿ. ಆ ಊರುಗಳನ್ನು ಕಣ್ಣಾರೆ ಕಂಡವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ. ಗೆಜೆಟ್ಟನ್ನು ಮುಂದಿನ ವರ್ಷವೂ ನೋಡಬಹುದು. ಅವರನ್ನು ಈ ಬೇಸಿಗೆಯಲ್ಲೇ ಕೇಳಿ.