ಒಂದು ಗಂಟೆಯ ಹಾರಾಟ, ಏಳು ಗಂಟೆಯ ಪ್ರಯಾಣ

ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ ನಿಮ್ಮ ಮನೆಯೆಂದು ಇಟ್ಟುಕೊಳ್ಳಿ. ಮಂಗಳೂರಿನಲ್ಲಿ ಓದುತ್ತಿರುವ ಮಗ ಆಸ್ಪತ್ರೆ ಸೇರಿದ್ದಾನೆಂದು ಬೆಳಗ್ಗೆ ಸುದ್ದಿ ಬರುತ್ತದೆ. “ವಿಮಾನದಲ್ಲಿ ಹೋಗಿಬಿಡಿ, ಒಂದೇ ಗಂಟೆ” ಎನ್ನುತ್ತಾರೆ ನೆರೆಮನೆಯವರು. ಅವರ ಮಾತು ಸುಳ್ಳೇನಲ್ಲ. 1951ರಲ್ಲಿ ಆರಂಭವಾದ ಬಜ್ಪೆಯ ನಿಲ್ದಾಣಕ್ಕೂ 2008ರಲ್ಲಿ ತೆರೆದ ದೇವನಹಳ್ಳಿಯ ನಿಲ್ದಾಣಕ್ಕೂ ನೇರವಾಗಿ ಅಳೆದರೆ ಸುಮಾರು 300 ಕಿಲೋಮೀಟರು. ವಿಮಾನಕ್ಕೆ ಅದು ಗಂಟೆಯೊಂದರ ಹಾದಿ.

ಆದರೆ ನೀವು ಹೊರಡುವುದು ಅಮೃತೂರಿನಿಂದ, ಅಲ್ಲವೆ? ಮಂಗಳೂರು ಇರುವುದು ಪಶ್ಚಿಮಕ್ಕೆ. ನೀವು ಮೊದಲು ನೆಲಮಂಗಲ, ದೊಡ್ಡಬಳ್ಳಾಪುರಗಳನ್ನು ಹಾದು ಪೂರ್ವಕ್ಕೆ ಹೋಗಬೇಕು. ಅದಕ್ಕೆ ಸುಮಾರು ಮೂರು ಗಂಟೆ. ತಪಾಸಣೆಗೂ ಕಾಯುವುದಕ್ಕೂ ಎರಡು. ಹಾರಾಟಕ್ಕೆ ಒಂದು. ಬಜ್ಪೆಯಲ್ಲಿಳಿದು ಪಟ್ಟಣ ಸೇರಲು ಇನ್ನೊಂದು. ಕೂಡಿಸಿ ನೋಡಿ, ಏಳು ಗಂಟೆಯಾಯಿತು! ತಮಾಷೆಯೆಂದರೆ, ಎರಡು ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಅದು ಹಾಯುವುದು ನಮ್ಮ ತುಮಕೂರು ಜಿಲ್ಲೆಯ ಮೇಲೆಯೇ.

ಮನೆ ಬಾಗಿಲಲ್ಲೇ ಕಾರು ಹತ್ತಿ ಕುಣಿಗಲ್, ಹಾಸನ, ಸಕಲೇಶಪುರದ ಹೆದ್ದಾರಿ ಹಿಡಿದರೂ ಆರೇಳು ಗಂಟೆಯೇ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಆಗ ವಿಮಾನವೇ ಮೇಲು.

ಆದ್ದರಿಂದ ಹೊರಡುವ ಮುನ್ನ ಎರಡು ಮಾತು ವಿಚಾರಿಸಿ: ಘಾಟಿ ತೆರೆದಿದೆಯೆ? ಮುಂದಿನ ವಿಮಾನ ಎಷ್ಟು ಹೊತ್ತಿಗೆ? ಮಗನ ಹಾಸಿಗೆಯ ಬಳಿ ನೀವು ಯಾವ ಹೊತ್ತಿಗೆ ನಿಲ್ಲುವಿರಿ ಎಂಬುದೊಂದೇ ಇಲ್ಲಿ ಲೆಕ್ಕಕ್ಕೆ ಬರುವ ಸಮಯ.